ಆರು ರನ್ನಿನ ನೋವು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಒಂದು ಮಾತು ಕೇಳಿದ್ದೆವು. ನಿಮ್ಮ ತಂಡ ಸೋತ ರಾತ್ರಿ ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಏನಾಗುತ್ತದೆ? ಬಂದ ಪತ್ರಗಳಲ್ಲಿ ಬೆಂಗಳೂರಿನ ಹೊರಗಿನವೇ ಜಾಸ್ತಿ. ಬರೆದವರಲ್ಲಿ ಹೆಚ್ಚಿನವರು ತಮ್ಮ ತಂಡದ ಆಟವನ್ನು ಒಮ್ಮೆಯೂ ಕಣ್ಣೆದುರು ನೋಡಿದವರಲ್ಲ. ನಾನೂ ದಾವಣಗೆರೆಯಲ್ಲಿ ಬೆಳೆದವನು. ಪತ್ರ ಓದುತ್ತಾ ಓದುತ್ತಾ, ಕೊನೇ ಬಾಲ್ ಆದ ಮೇಲೆ ಯಾರೂ ಮಾತಾಡದೆ ಟಿವಿ ಆರಿಸಿ, ಚಾಪೆ ಹಾಸಿ, ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ ನಮ್ಮ ಮನೆಯ ರಾತ್ರಿಗಳು ನೆನಪಾದವು. ಎಲ್ಲದಕ್ಕೂ ಉತ್ತರಿಸಲು ಜಾಗ ಇಲ್ಲ. ಎಂಟು ಪತ್ರ ಆರಿಸಿದ್ದೇನೆ. ಹೆಸರು ಹಾಕಬೇಡಿ ಅಂತ ಹಲವರು ಕೇಳಿದ್ದರಿಂದ ಊರಿನ ಹೆಸರು ಮಾತ್ರ ಇದೆ.

ಪ್ರಶ್ನೆ: ನನ್ನ ಮಗ ಈಗ ಕಾಲೇಜಿಗೆ ಹೋಗುತ್ತಾನೆ. ಐಪಿಎಲ್ ಕ್ರಿಕೆಟ್‌ನಲ್ಲಿ ಬೆಂಗಳೂರಿನ ತಂಡ ಆರ್‌ಸಿಬಿ ಸೋತರೆ ಊಟ ಬಿಡುತ್ತಾನೆ. 2024ರಲ್ಲಿ ರಾಜಸ್ಥಾನದ ಎದುರು ಸೋತಾಗ ಬಾಗಿಲು ಹಾಕಿಕೊಂಡು ಅತ್ತ. ಅವರಪ್ಪ ‘ಆಡಿದವರು ಆರಾಮಾಗಿ ಮಲಗಿದ್ದಾರೆ, ನಿನಗೇನಾಯ್ತು’ ಅಂತ ನಗುತ್ತಾರೆ. ಇದು ಕಾಯಿಲೆಯಾ? (ಚಿತ್ರದುರ್ಗ)

ಉತ್ತರ: ಕಾಯಿಲೆ ಅಲ್ಲಮ್ಮಾ. ಆ ವರ್ಷ ಏನಾಗಿತ್ತು ಅಂತ ಸ್ವಲ್ಪ ಹೇಳುತ್ತೇನೆ, ಆಗ ಹುಡುಗ ಯಾಕೆ ಅತ್ತ ಅಂತ ನಿಮಗೇ ಗೊತ್ತಾಗುತ್ತದೆ. ಮೊದಲ ಎಂಟು ಪಂದ್ಯದಲ್ಲಿ ತಂಡ ಗೆದ್ದದ್ದು ಒಂದೇ ಒಂದು. ಶಾಲೆ, ಟ್ಯೂಷನ್, ಬಸ್ ಸ್ಟ್ಯಾಂಡ್, ಎಲ್ಲ ಕಡೆ ಅವನ ಕಾಲೆಳೆದಿರುತ್ತಾರೆ. ಆಮೇಲೆ ತಂಡ ಸತತವಾಗಿ ಆರು ಪಂದ್ಯ ಗೆದ್ದಿತು. ಮೇ 18ರಂದು ಚೆನ್ನೈ ವಿರುದ್ಧ ಬರೀ ಗೆದ್ದರೆ ಸಾಕಾಗುತ್ತಿರಲಿಲ್ಲ, ಪ್ಲೇಆಫ್‌ಗೆ ಹೋಗಲು ಕಡಿಮೆ ಅಂದರೆ 18 ರನ್‌ಗಳಿಂದ ಗೆಲ್ಲಬೇಕಿತ್ತು. 27 ರನ್‌ಗಳಿಂದ ಗೆದ್ದರು. ಸತ್ತೇ ಹೋಯಿತು ಅಂದುಕೊಂಡಿದ್ದು ಎದ್ದು ಕೂತಂತೆ ಆಗಿತ್ತು. ನಾಲ್ಕೇ ದಿನಕ್ಕೆ, ಮೇ 22ಕ್ಕೆ, ಅಹಮದಾಬಾದಿನಲ್ಲಿ ಎಲ್ಲ ಮುಗಿಯಿತು. ಎಂಟು ವಾರ ಆ ಹುಡುಗ ಒಬ್ಬನೇ ಇಟ್ಟುಕೊಂಡಿದ್ದ ಆಸೆ ಅದು. ಅದಕ್ಕೆ ಅತ್ತ.

ಅವರಪ್ಪನಿಗೆ ನನ್ನದೊಂದು ವಿನಂತಿ. ನಗಬೇಡಿ. ಆಟಗಾರರಿಗೆ ಎಷ್ಟು ದುಡ್ಡು ಬರುತ್ತದೆ ಅಂತ ಅವನಿಗೂ ಗೊತ್ತು. ದುಡ್ಡಿನ ಲೆಕ್ಕ ಹಾಕಿ ಯಾರೂ ಅಭಿಮಾನಿ ಆಗುವುದಿಲ್ಲ. ಮುಂದಿನ ಸಲ ಕೊನೆಯ ಐದು ಓವರ್ ಅವನ ಪಕ್ಕ ಕೂತು ನೋಡಿ. ಸೋತರೆ ಅರ್ಧ ಗಂಟೆ ಅವನ ಪಾಡಿಗೆ ಬಿಡಿ. ಆಮೇಲೆ ‘ಬಾ, ಅನ್ನ ಆರುತ್ತಿದೆ’ ಅನ್ನಿ, ಅಷ್ಟೇ. ‘ಹೋಗ್ಲಿ ಬಿಡು’ ಅನ್ನುವ ಮಾತು ಆ ಹೊತ್ತಿನಲ್ಲಿ ಗಾಯಕ್ಕೆ ಉಪ್ಪು.

ಆದರೆ ಒಂದು ವಿಷಯ ನೇರವಾಗಿ ಕೇಳಿ, ದುಡ್ಡು ಕಟ್ಟುತ್ತಿದ್ದೀಯಾ ಅಂತ. ಹಣ ಹಾಕಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ನಿಷೇಧಿಸಿದೆ. ಹಾಗಂತ ಬೆಟ್ಟಿಂಗ್ ನಿಂತಿದೆ ಅಂತ ನಂಬಬೇಡಿ. ಮೊಬೈಲಿನಲ್ಲೂ ಇದೆ, ಟೀ ಅಂಗಡಿಯ ಹಿಂದೆಯೂ ಇದೆ. ತಂಡ ಸೋತಿದ್ದಕ್ಕೆ ಅಳುವ ಹುಡುಗ ಎರಡು ದಿನಕ್ಕೆ ಸರಿಹೋಗುತ್ತಾನೆ. ದುಡ್ಡು ಸೋತ ಹುಡುಗ ಅಳುವುದಿಲ್ಲ, ಮುಚ್ಚಿಡುತ್ತಾನೆ, ನಿದ್ದೆ ಬಿಡುತ್ತಾನೆ, ಸಿಕ್ಕವರ ಹತ್ತಿರ ಸಾಲ ಕೇಳುತ್ತಾನೆ. ಅದಕ್ಕೆ ಹೆದರಬೇಕು.

ಪ್ರಶ್ನೆ: ನಮಗೆ ಹೈದರಾಬಾದ್ ಮೂರ್ನಾಲ್ಕು ಗಂಟೆ ದಾರಿ, ಬೆಂಗಳೂರಿಗೆ ಒಂದು ಇಡೀ ರಾತ್ರಿ ಬೇಕು. ಹಾಗಾಗಿ ಶುರುವಿನಿಂದ ಡೆಕ್ಕನ್ ಚಾರ್ಜರ್ಸ್ ನಮ್ಮ ತಂಡ. 2009ರಲ್ಲಿ ಅವರು ಕಪ್ ಗೆದ್ದಾಗ ಕುಣಿದೆ, ಕಾಲೇಜಿನಲ್ಲಿ ‘ಕರ್ನಾಟಕದವನಾ ನೀನು?’ ಅಂದರು. 2012ಕ್ಕೆ ಆ ತಂಡವೇ ಇಲ್ಲವಾಯಿತು. ಈಗ ನಾನು ಯಾರ ಕಡೆ? (ಬೀದರ್)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಯಾಕೆಂದರೆ ನೀವು ಕುಣಿದ ಅದೇ ರಾತ್ರಿ ನಾನು ದಾವಣಗೆರೆಯಲ್ಲಿ ಅತ್ತಿದ್ದೆ. 2009ರ ಮೇ 24, ಜೋಹಾನ್ಸ್‌ಬರ್ಗ್‌ನಲ್ಲಿ ಫೈನಲ್. ಆರ್‌ಸಿಬಿ ನಾಯಕ ಕುಂಬ್ಳೆ ಮೊದಲ ಓವರ್ ತಾನೇ ಹಾಕಿ ನಿಮ್ಮ ನಾಯಕ ಗಿಲ್‌ಕ್ರಿಸ್ಟ್‌ರನ್ನು ಸೊನ್ನೆಗೆ ಕಳಿಸಿದರು. 16 ರನ್ ಕೊಟ್ಟು 4 ವಿಕೆಟ್. ಪಂದ್ಯಶ್ರೇಷ್ಠ ಪ್ರಶಸ್ತಿಯೂ ಅವರಿಗೇ ಬಂತು. ಆದರೆ ಕಪ್ ನಿಮಗೆ ಬಂತು. 144 ಬೇಕಿತ್ತು, ನಾವು 137ಕ್ಕೆ ನಿಂತೆವು. 6 ರನ್. ಆ ಆರು ರನ್ ಎಲ್ಲಿ ತಪ್ಪಿತು ಅಂತ ನಾನು ಆ ಬೇಸಿಗೆ ಪೂರ್ತಿ ಹುಡುಕಿದ್ದೇನೆ. ಇಲ್ಲೊಂದು ಸಿಂಗಲ್ ಓಡಬಹುದಿತ್ತು, ಅಲ್ಲೊಂದು ಫೋರ್ ತಡೆಯಬಹುದಿತ್ತು ಅಂತ.

ಆದರೂ ನಿಮ್ಮನ್ನು ಕೇಳಿದವರ ಮಾತು ತಪ್ಪು. ತಂಡ ಅನ್ನುವುದು ಪಡಿತರ ಚೀಟಿ ಅಲ್ಲ, ಜಿಲ್ಲೆ ನೋಡಿ ಹಂಚಲು. ಬೀದರಿನವರು ಆಸ್ಪತ್ರೆಗೆ, ಬಟ್ಟೆಗೆ, ಕೆಲಸಕ್ಕೆ ಹೈದರಾಬಾದಿಗೆ ಹೋಗುತ್ತಾರೆ. ಹೋಗಿ ಬರುವ ಊರಿನ ತಂಡ ಮನಸ್ಸಿಗೆ ಹತ್ತಿರವಾಗುವುದು ಸಹಜ ಅಲ್ವಾ? ಮೊದಲ ವರ್ಷ ಕೊನೆಯ ಸ್ಥಾನ, ಮರುವರ್ಷ ಕಪ್. ಅಂಥ ತಂಡವನ್ನು ಕಣ್ಣೆದುರು ಕಂಡವರು ನೀವು.

ನಿಮ್ಮ ನೋವು ನಮ್ಮದಕ್ಕಿಂತ ಬೇರೆ ಥರದ್ದು. ಸೋತ ತಂಡಕ್ಕೆ ಮುಂದಿನ ವರ್ಷ ಅಂತ ಒಂದಿರುತ್ತದೆ. ಮುಚ್ಚಿಹೋದ ತಂಡಕ್ಕೆ ಅದೂ ಇಲ್ಲ. ಹೈದರಾಬಾದಿಗೆ ಸನ್‌ರೈಸರ್ಸ್ ಬಂದರು, 2016ರ ಫೈನಲ್‌ನಲ್ಲಿ ನಮ್ಮನ್ನು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ 8 ರನ್‌ಗಳಿಂದ ಸೋಲಿಸಿ ಕಪ್ಪನ್ನೂ ಗೆದ್ದರು. ಅದನ್ನು ನಿಮ್ಮ ಗೆಲುವು ಅಂತ ನಿಮಗೆ ಅನಿಸದಿದ್ದರೆ ಬಲವಂತ ಮಾಡಿಕೊಳ್ಳಬೇಡಿ. ಇಲ್ಲವಾದ ತಂಡದ ಅಭಿಮಾನಿಯಾಗಿಯೇ ಉಳಿಯಬಹುದು. ಸುಮ್ನೆ ಒಂದು ಗುಂಪು ಬೇಕು ಅಂತ ಯಾರ ಜೆರ್ಸಿಯನ್ನೂ ಹಾಕಬೇಕಿಲ್ಲ.

ಪ್ರಶ್ನೆ: ಎಲ್ಲರೂ ಐಪಿಎಲ್ ಸೋಲಿನ ಬಗ್ಗೆಯೇ ಮಾತಾಡುತ್ತಾರೆ. 2010ರಲ್ಲಿ ನಮ್ಮೂರಿನಲ್ಲಿ ನಡೆದ ರಣಜಿ ಫೈನಲ್ ಯಾರಿಗಾದರೂ ನೆನಪಿದೆಯಾ? (ಮೈಸೂರು)

ಉತ್ತರ: ನನಗೆ ನೆನಪಿದೆ ಸಾರ್. ನಾನು ಅಲ್ಲೇ ಇದ್ದೆ.

ಆಗ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದೆ. ಜನವರಿ ತಿಂಗಳು, ಸಂಕ್ರಾಂತಿಯ ಸಮಯ. ನಮ್ಮ ಹಾಸ್ಟೆಲಿನಿಂದ ಗಂಗೋತ್ರಿ ಗ್ಲೇಡ್ಸ್ ಮೈದಾನಕ್ಕೆ ನಡೆದೇ ಹೋಗಬಹುದಿತ್ತು. ನೀವು ನೋಡಿದ್ದೀರಿ, ಅದು ದೊಡ್ಡ ಗ್ಯಾಲರಿಯ ಕ್ರೀಡಾಂಗಣ ಅಲ್ಲ, ಸುತ್ತ ಮರಗಳಿರುವ ವಿಶ್ವವಿದ್ಯಾಲಯದ ಮೈದಾನ. ಎದುರಿಗೆ ಮುಂಬೈ. ಮೊದಲ ಇನಿಂಗ್ಸ್‌ನಲ್ಲಿ ಅವರು 233, ನಾವು 130. ಅಲ್ಲಿಗೇ ಮುಗಿಯಿತು ಅಂದುಕೊಂಡೆವು. ಎರಡನೇ ಸಲ ನಮ್ಮವರು ಅವರನ್ನು 234ಕ್ಕೆ ಕಟ್ಟಿಹಾಕಿದರು. ಗೆಲ್ಲಲು 338 ಬೇಕಿತ್ತು.

ಆಮೇಲೆ ಮನೀಶ್ ಪಾಂಡೆ ಮತ್ತು ಗಣೇಶ್ ಸತೀಶ್ ನಿಂತರಲ್ಲ, ಆ ಹೊತ್ತನ್ನು ಹೇಗೆ ಹೇಳುವುದು. ಒಂದೊಂದು ರನ್ನಿಗೂ ಜನ ಜಾಸ್ತಿಯಾಗುತ್ತಾ ಹೋದರು. ಕ್ಲಾಸು ಬಿಟ್ಟು ಬಂದವರು, ಕೆಲಸಕ್ಕೆ ರಜೆ ಹಾಕಿದವರು, ಊರಿನಿಂದ ಬಂದ ಅಜ್ಜ ಅಜ್ಜಿಯರು. ಪಾಂಡೆ 144 ಹೊಡೆದರು. ನನ್ನ ಪಕ್ಕ ನಿಂತಿದ್ದ ಹಿರಿಯರೊಬ್ಬರು ಪ್ರತಿ ಬಾಲಿಗೂ ಉಳಿದ ರನ್ನನ್ನು ಬೆರಳಲ್ಲಿ ಎಣಿಸುತ್ತಿದ್ದರು. ಇನ್ನೇನು ಕೈಗೆ ಬಂತು ಅನ್ನುವಾಗ ವಿಕೆಟ್ ಬೀಳಲು ಶುರುವಾಯಿತು. ಮುಂಬೈಯ ಅಗರ್ಕರ್ ಐದು ವಿಕೆಟ್ ತೆಗೆದರು. ಕೆಳಗಿನ ಹುಡುಗರು ಬಿಡಲಿಲ್ಲ, ಒಂದು ಎರಡು ಅಂತ ತಂದು ತಂದು 331ರ ತನಕ ಎಳೆದರು. ಅಲ್ಲಿ ಕೊನೆಯ ವಿಕೆಟ್ ಹೋಯಿತು. 6 ರನ್.

ಜೋಹಾನ್ಸ್‌ಬರ್ಗ್ ಆಗಿ ಎಂಟು ತಿಂಗಳೂ ಆಗಿರಲಿಲ್ಲ. ಮತ್ತೆ ಅದೇ ಸಂಖ್ಯೆ. ಅಷ್ಟು ಜನ ಇದ್ದ ಜಾಗದಲ್ಲಿ ಆ ಮೌನ ಎಂಥದ್ದಿತ್ತು ಅಂದರೆ ಮುಂಬೈ ಹುಡುಗರು ಮೈದಾನದ ಮಧ್ಯೆ ಕೂಗುತ್ತಿದ್ದದ್ದು ನಮಗೆ ಒಂದೊಂದು ಮಾತಾಗಿ ಕೇಳುತ್ತಿತ್ತು. ಬೆರಳಲ್ಲಿ ಎಣಿಸುತ್ತಿದ್ದ ಹಿರಿಯರ ಕೈ ಹಾಗೇ ಮಡಚಿಕೊಂಡಿತ್ತು. ಒಂದು ಮಾತೂ ಆಡದೆ ಹೋದರು.

ಆಮೇಲೆ ಕರ್ನಾಟಕ 2013-14ರಲ್ಲಿ ರಣಜಿ ಗೆದ್ದಿತು. 2014-15ರಲ್ಲೂ ಗೆದ್ದಿತು, ಆ ಫೈನಲ್‌ನಲ್ಲಿ ಕರುಣ್ ನಾಯರ್ 328 ಹೊಡೆದರು. ಖುಷಿಪಟ್ಟೆ, ನಿಜ. ಆದರೆ ಅವು ಹೈದರಾಬಾದ್, ಮುಂಬೈಗಳಲ್ಲಿ ಆದವು. ಸಣ್ಣ ಊರಿನವರಿಗೆ ಫೈನಲ್ ಮನೆ ಬಾಗಿಲಿಗೆ ಬರುವುದು ಜೀವಮಾನದಲ್ಲಿ ಒಂದು ಸಲ. ಬಂದ ಆ ಒಂದು ಸಲ ಸೋತಿದ್ದು ಹೇಗೆ ಮರೆಯುತ್ತದೆ?

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ 190 ಹೊಡೆದು ಪಂಜಾಬನ್ನು 184ಕ್ಕೆ ನಿಲ್ಲಿಸಿತಲ್ಲ, ಆಗ ಟಿವಿಯಲ್ಲಿ ಅಂತರ ಎಷ್ಟು ಅಂತ ನೋಡಿದ್ದೀರಾ? 6 ರನ್. ನಮ್ಮ ಮನೆಯಲ್ಲಿ ಎಲ್ಲರೂ ಕಿರುಚುತ್ತಿದ್ದರು. ನನಗೆ ಮೊದಲು ನೆನಪಾದದ್ದು ಗಂಗೋತ್ರಿಯ ಆ ಹಿರಿಯರ ಕೈ.

ಪ್ರಶ್ನೆ: ಕೆ.ಎಲ್. ರಾಹುಲ್ ಸುರತ್ಕಲ್‌ನಲ್ಲಿ ಬೆಳೆದ ನಮ್ಮ ಹುಡುಗ. ಅವನು ಡೆಲ್ಲಿಗೆ ಆಡಿ ಆರ್‌ಸಿಬಿಯನ್ನು ಸೋಲಿಸಿದರೆ ನಾನು ಚಪ್ಪಾಳೆ ತಟ್ಟಬೇಕಾ, ಅಳಬೇಕಾ? (ಮಂಗಳೂರು)

ಉತ್ತರ: ಎರಡೂ ಮಾಡಿ. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ 58 ರನ್ನಿಗೆ ನಾಲ್ಕು ವಿಕೆಟ್ ಬಿದ್ದಿದ್ದ ತಂಡವನ್ನು ಎತ್ತಿ, ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ಗೆರೆ ಎಳೆದು ಇದು ನನ್ನ ಜಾಗ ಅಂತ ತೋರಿಸಿದಾಗ ನನಗೂ ಹಾಗೇ ಆಯಿತು. ಸೋತ ಸಿಟ್ಟು ಒಂದು ಕಣ್ಣಲ್ಲಿ, ಹೆಮ್ಮೆ ಇನ್ನೊಂದು ಕಣ್ಣಲ್ಲಿ. ಅವನು ಅಲ್ಲಿಯೇ ಆಡಿ ಬೆಳೆದವನು, ಆ ಮಾತು ಹೇಳುವ ಹಕ್ಕು ಅವನಿಗಿದೆ. ತಂಡವನ್ನು ಹರಾಜು ಕಟ್ಟುತ್ತದೆ. ನಮ್ಮ ಹುಡುಗ ಅನ್ನುವ ಸಂಬಂಧ ಹರಾಜಿನಲ್ಲಿ ಹೋಗುವುದಿಲ್ಲ. ಮಂಗಳೂರಿನವರು ಅವನಿಗೆ ಚಪ್ಪಾಳೆ ತಟ್ಟದಿದ್ದರೆ ನನಗೆ ಬೇಜಾರಾಗುತ್ತದೆ.

ಪ್ರಶ್ನೆ: 2024ರಲ್ಲಿ ಆರ್‌ಸಿಬಿ ಮಹಿಳೆಯರು ಕಪ್ ಗೆದ್ದಾಗ ನಾನು ಸ್ಟೇಟಸ್ ಹಾಕಿದೆ. ಅಣ್ಣ, ಮಾವ ಎಲ್ಲ ‘ಅದು ಲೆಕ್ಕಕ್ಕಿಲ್ಲ, ಗಂಡಸರು ಗೆದ್ದ ಮೇಲೆ ಹಾಕು’ ಅಂದರು. ನನಗೆ ತುಂಬಾ ನೋವಾಯಿತು. (ವಿಜಯಪುರ)

ಉತ್ತರ: ನಿಮ್ಮ ನೋವು ಸರಿಯಾಗಿದೆ, ಅವರ ಲೆಕ್ಕ ತಪ್ಪಾಗಿದೆ. ಆವತ್ತು ಮಹಿಳಾ ಪ್ರೀಮಿಯರ್ ಲೀಗ್ ಫೈನಲ್‌ನಲ್ಲಿ ಡೆಲ್ಲಿಯ ಹುಡುಗಿಯರು ವಿಕೆಟ್ ಬೀಳದೆ 64 ರನ್ ಹೊಡೆದಿದ್ದರು. ಅಲ್ಲಿಂದ 113ಕ್ಕೆ ಎಲ್ಲರೂ ಔಟ್. ಸೋಫಿ ಮೊಲಿನ್ಯೂ ಒಂದೇ ಓವರಿನಲ್ಲಿ ಮೂರು ವಿಕೆಟ್ ಕಿತ್ತರು. ಶ್ರೇಯಾಂಕಾ ಪಾಟೀಲ್ 12 ರನ್ ಕೊಟ್ಟು 4 ವಿಕೆಟ್. ಸ್ಮೃತಿ ಮಂಧಾನಾ ಆ ಕಪ್ ಎತ್ತಿದ್ದು ಮಾರ್ಚ್ 17ಕ್ಕೆ. ಹದಿನಾರು ವರ್ಷ ಗಂಡಸರ ತಂಡ ಕಾದದ್ದನ್ನು ಇವರು ಎರಡನೇ ವರ್ಷಕ್ಕೇ ತಂದರು. ಅದು ಲೆಕ್ಕಕ್ಕಿಲ್ಲ ಅಂದರೆ ಯಾವುದು ಲೆಕ್ಕಕ್ಕಿದೆ?

ನಿಮ್ಮ ಊರು ವಿಜಯಪುರ ಅಂತ ನೋಡಿದಾಗ ಇನ್ನೊಂದು ಹೇಳಲೇಬೇಕು ಅನಿಸಿತು. ನಿಮ್ಮ ಅಣ್ಣನಿಗೂ ಓದಿಸಿ. 2017ರ ಮಹಿಳಾ ವಿಶ್ವಕಪ್. ಇಂಗ್ಲೆಂಡಿನ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಗೆಲ್ಲದಿದ್ದರೆ ಭಾರತ ಮನೆಗೆ ಬರಬೇಕಿತ್ತು. ಕಡೂರಿನ ವೇದಾ ಕೃಷ್ಣಮೂರ್ತಿ 45 ಬಾಲಿನಲ್ಲಿ 70 ಹೊಡೆದರು. ಆಮೇಲೆ ನಿಮ್ಮೂರಿನ ರಾಜೇಶ್ವರಿ ಗಾಯಕ್ವಾಡ್ 15 ರನ್ನಿಗೆ 5 ವಿಕೆಟ್ ತೆಗೆದರು. ಒಂದು ಕಡೂರು, ಒಂದು ವಿಜಯಪುರ. ಕರ್ನಾಟಕದ ಎರಡು ಸಣ್ಣ ಊರಿನ ಹೆಣ್ಣುಮಕ್ಕಳು ಸೇರಿ ದೇಶವನ್ನು ಸೆಮಿಫೈನಲ್‌ಗೆ ತಲುಪಿಸಿದರು.

ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ಎದುರಿನ ಫೈನಲ್ ಮಾತ್ರ ಇವತ್ತಿಗೂ ಚುಚ್ಚುತ್ತದೆ. 229 ಬೇಕಿತ್ತು. 191ಕ್ಕೆ ಮೂರೇ ವಿಕೆಟ್ ಹೋಗಿತ್ತು. ಅಲ್ಲಿಂದ 28 ರನ್ ಸೇರಿಸುವಷ್ಟರಲ್ಲಿ ಉಳಿದ ಏಳೂ ಹೋದವು. ಕೊನೆಗೆ ಬೌಲ್ಡ್ ಆದದ್ದು ರಾಜೇಶ್ವರಿ. 9 ರನ್ನಿನ ಸೋಲು. ಬೌಲಿಂಗ್‌ಗೆಂದು ತಂಡಕ್ಕೆ ಬಂದ ಹುಡುಗಿ ಕೊನೆಯಲ್ಲಿ ಬ್ಯಾಟ್ ಹಿಡಿದು ಅಲ್ಲಿ ನಿಲ್ಲಬೇಕಾಯಿತಲ್ಲ, ಆ ಹೊತ್ತಿನಲ್ಲಿ ವಿಜಯಪುರದ ಎಷ್ಟು ಮನೆಗಳಲ್ಲಿ ಟಿವಿ ಹಚ್ಚಿದ್ದರೋ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ನಮ್ಮ ಹೆಣ್ಣುಮಕ್ಕಳು ಕೊನೆಗೂ ವಿಶ್ವಕಪ್ ಗೆದ್ದಾಗ ನನಗೆ ಆ ಲಾರ್ಡ್ಸ್ ತಂಡವೇ ಕಣ್ಣ ಮುಂದೆ ಬಂತು. ನೀವು ಸ್ಟೇಟಸ್ ಹಾಕಿ. ಅಳಿಸಬೇಡಿ.

ಪ್ರಶ್ನೆ: 2025ರ ಜೂನ್ 4ರಂದು ನಾನು ಗೆಳೆಯರ ಜೊತೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿದ್ದೆ. ಕ್ರೀಡಾಂಗಣದ ಹೊರಗೆ ಸಿಕ್ಕಿಕೊಂಡು, ಹೇಗೋ ಹೊರಗೆ ಬಂದೆ. ಆಮೇಲೆ ಆ ಕೆಂಪು ಜೆರ್ಸಿ ನೋಡಲು ಆಗುತ್ತಿಲ್ಲ. ಮನೆಯವರು ‘ಯಾರು ಹೋಗು ಅಂದಿದ್ದರು’ ಅನ್ನುತ್ತಾರೆ. ಅಭಿಮಾನ ಬಿಟ್ಟುಬಿಡಬೇಕಾ? (ತುಮಕೂರು)

ಉತ್ತರ: ಮೊದಲು ಒಂದು ಮಾತು. ನೀವು ಹೋಗಿದ್ದು ತಪ್ಪಲ್ಲ.

ಆವತ್ತು ಕಪ್ ಗೆದ್ದ ಸಂಭ್ರಮಕ್ಕೆ ಸೇರಿದ ಜನರ ನೂಕುನುಗ್ಗಲಿನಲ್ಲಿ 11 ಜನ ತೀರಿಕೊಂಡರು. ಐವತ್ತಕ್ಕೂ ಹೆಚ್ಚು ಜನರಿಗೆ ಪೆಟ್ಟಾಯಿತು. ತೀರಿಕೊಂಡವರಲ್ಲಿ ಹೆಚ್ಚಿನವರು ಎಳೆಯರು. ಆಗಲೂ ಕೆಲವರು ಅಂದರು, ಕೆಲಸ ಬಿಟ್ಟು ಇವರೆಲ್ಲ ಯಾಕೆ ಹೋಗಬೇಕಿತ್ತು ಅಂತ. ಆ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಹದಿನೆಂಟು ವರ್ಷ ದೂರದಿಂದಲೇ ಪ್ರೀತಿಸಿದವರು ನಾವು. ಟಿಕೆಟ್ ಸಿಗಲಿಲ್ಲ, ಸಿಕ್ಕರೂ ಕೊಳ್ಳಲು ಆಗಲಿಲ್ಲ, ಆಟ ಮುಗಿದ ಮೇಲೆ ಊರಿಗೆ ವಾಪಸ್ ಬರಲು ಬಸ್ಸಿಲ್ಲ. ಟಿವಿ ಅಂಗಡಿಯ ಗಾಜಿನ ಹೊರಗೆ ನಿಂತು, ಪಕ್ಕದ ಮನೆಯ ಕಿಟಕಿಯಲ್ಲಿ ಇಣುಕಿ, ಬಸ್ಸಿನಲ್ಲಿ ಅಪರಿಚಿತರ ಮೊಬೈಲಿನಲ್ಲಿ ಸ್ಕೋರು ಕೇಳಿ ಬೆಳೆಸಿದ ಪ್ರೀತಿ ಇದು. ಒಂದು ದಿನ, ಒಂದೇ ಒಂದು ದಿನ, ಹತ್ತಿರ ಹೋಗಿ ನೋಡೋಣ ಅಂತ ನಿಮಗೆ ಅನಿಸಿತು. ಇಷ್ಟು ಜನರನ್ನು ಕರೆದರೆ, ಬಂದವರು ಸುರಕ್ಷಿತವಾಗಿ ನಿಂತು ನೋಡಿ ಮನೆಗೆ ಹೋಗುವಂತೆ ಏರ್ಪಾಡು ಮಾಡಬೇಕಾದದ್ದು ಕರೆದವರ ಕೆಲಸ. ಸುಮಾರು 35 ಸಾವಿರ ಜನ ಹಿಡಿಯುವ ಜಾಗಕ್ಕೆ ಲಕ್ಷಗಟ್ಟಲೆ ಜನ ಬಂದರು. ಅಷ್ಟು ದೊಡ್ಡ ಜನಸಂದಣಿಗೆ ಆ ಕ್ರೀಡಾಂಗಣ ಸುರಕ್ಷಿತ ಅಲ್ಲ ಅಂತ ಸರ್ಕಾರ ನೇಮಿಸಿದ ತನಿಖಾ ಆಯೋಗವೇ ಆಮೇಲೆ ಹೇಳಿತು. ಬೆಳಗಿನ ರೈಲು ಹತ್ತಿದ ತುಮಕೂರಿನ ಹುಡುಗನಿಗೆ ಅದು ಹೇಗೆ ಗೊತ್ತಿರಬೇಕು?

ಅಭಿಮಾನ ಬಿಡಬೇಕಾ ಅಂತ ಕೇಳಿದ್ದೀರಿ. ಈಗ ಅದನ್ನು ತೀರ್ಮಾನ ಮಾಡಬೇಡಿ. ಜೆರ್ಸಿಯನ್ನು ಮಡಚಿ ಕಪಾಟಿನ ಕೆಳಗೆ ಇಡಿ. ಪಂದ್ಯ ನೋಡಬೇಕು ಅನಿಸದಿದ್ದರೆ ನೋಡಬೇಡಿ, ಗೆಳೆಯರ ಒತ್ತಾಯಕ್ಕೂ ಬೇಡ. ರಾತ್ರಿ ಎಚ್ಚರವಾಗುತ್ತಿದ್ದರೆ, ಗುಂಪು ಕಂಡರೆ ಎದೆ ಬಿಗಿಯುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅನ್ನುವ ಸರ್ಕಾರದ ಉಚಿತ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡಬಹುದು. ಆ ದಿನ ನಿಮ್ಮ ಜೊತೆ ಇದ್ದ ಗೆಳೆಯರ ಹತ್ತಿರವೂ ಒಮ್ಮೆ ಕೂತು ಮಾತಾಡಿ. ಅವರೂ ಹೇಳಿಕೊಳ್ಳದೆ ಇಟ್ಟುಕೊಂಡಿರುತ್ತಾರೆ.

ಇದನ್ನು ಓದುವ ಬೇರೆ ಹುಡುಗ ಹುಡುಗಿಯರಿಗೂ ಒಂದು ಮಾತು, ದಯವಿಟ್ಟು ನೆನಪಿಟ್ಟುಕೊಳ್ಳಿ. ನೂಕುನುಗ್ಗಲಿನಲ್ಲಿ ಕಾಲ ಕೆಳಗೆ ಬಿದ್ದವರು ಮಾತ್ರ ಸಾಯುತ್ತಾರೆ ಅಂತ ನಾವು ತಿಳಿದಿದ್ದೇವೆ. ಹಾಗಲ್ಲ. ನಿಂತಲ್ಲೇ ಎದೆ ಒತ್ತಿಹೋಗಿ ಉಸಿರು ಕಟ್ಟುತ್ತದೆ. ನಾಲ್ಕೂ ಕಡೆಯಿಂದ ಭುಜಕ್ಕೆ ಭುಜ ತಾಗಲು ಶುರುವಾದ ಕೂಡಲೇ ಹೊರಡಿ, ಇನ್ನೂ ಸ್ವಲ್ಪ ನೋಡೋಣ ಅನ್ನಬೇಡಿ. ಸಿಕ್ಕಿಕೊಂಡರೆ ಎರಡೂ ಕೈಗಳನ್ನು ಎದೆಯ ಮುಂದೆ ಮಡಚಿ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಿ. ಬಿದ್ದ ಮೊಬೈಲ್, ಚಪ್ಪಲಿಗೆ ಬಗ್ಗಬೇಡಿ. ಎದುರು ತಳ್ಳಬೇಡಿ, ಜನ ಸಾಗುವ ದಿಕ್ಕಿನಲ್ಲೇ ಓರೆಯಾಗಿ ಅಂಚಿನ ಕಡೆ ಸರಿಯಿರಿ. ತಪ್ಪಿಹೋದರೆ ಎಲ್ಲಿ ಸೇರುವುದು ಅಂತ ಮೊದಲೇ ಮಾತಾಡಿಕೊಂಡು ಹೋಗಿ.

ಪ್ರಶ್ನೆ: ನಮ್ಮೂರಿಗೆ ಒಂದು ಐಪಿಎಲ್ ಪಂದ್ಯ ಇಲ್ಲ. ತಂಡಕ್ಕೆ ನಾವು ಇದ್ದೇವೆ ಅನ್ನುವುದೂ ಗೊತ್ತಿಲ್ಲ. ನಾವ್ಯಾಕ ಜೀವ ತೇಯಬೇಕು? (ಹುಬ್ಬಳ್ಳಿ)

ಉತ್ತರ: ನಿಮ್ಮ ಸಿಟ್ಟು ನನ್ನದೂ ಹೌದು. ಚಿನ್ನಸ್ವಾಮಿಯಲ್ಲಿ ಮೊಳಗುವ ‘ಈ ಸಲ ಕಪ್ ನಮ್ದೇ’ ಅನ್ನುವ ಕೂಗಿಗೆ ಬಲ ಬಂದದ್ದು ಹುಬ್ಬಳ್ಳಿ, ಹಾವೇರಿ, ಹಾಸನದ ಓಣಿಗಳಿಂದ. ಆದರೂ ನಮ್ಮ ಊರುಗಳಿಗೆ ಬರುವುದು ಜೆರ್ಸಿ ಮಾರುವವರು ಮಾತ್ರ. ನಮ್ಮ ರಾಜ್ಯದ ಟಿ20 ಟೂರ್ನಿ, 2025ರ ಮಹಾರಾಜ ಟ್ರೋಫಿಯನ್ನೇ ನೋಡಿ. ಬೆಂಗಳೂರಿನಿಂದ ಮೈಸೂರಿಗೆ ಬಂತು. ಆದರೆ ಪ್ರೇಕ್ಷಕರಿಗೆ ಪ್ರವೇಶ ಇಲ್ಲ. ಆಟ ಊರಿಗೆ ಬಂದರೂ ಊರಿನವರು ಗೇಟಿನ ಹೊರಗೆ. ಸುರಕ್ಷತೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ಊರಿನ ಒಂದೇ ಕ್ರೀಡಾಂಗಣಕ್ಕೆ ಇಡೀ ರಾಜ್ಯವನ್ನು ನೂಕಿದ್ದರಿಂದ ಏನಾಯಿತು ಅಂತ ಮೇಲಿನ ಪತ್ರದಲ್ಲಿ ಓದಿದಿರಿ. ಹುಬ್ಬಳ್ಳಿ, ಮೈಸೂರು, ಶಿವಮೊಗ್ಗಗಳಲ್ಲಿ ಮೈದಾನ ಇವೆ. ಅಲ್ಲಿ ಗ್ಯಾಲರಿ ಕಟ್ಟಿ, ದಾರಿ ಮಾಡಿ, ಪಂದ್ಯ ಹಂಚಬೇಕು. ಇದನ್ನು ನಾವು ಕೇಳುತ್ತಲೇ ಇರಬೇಕು.

ಜೀವ ತೇಯಬೇಕಾ ಅಂದರೆ, ಬೇಡ. ಆದರೆ ಬಿಟ್ಟುಬಿಡಿ ಅಂತಲೂ ಹೇಳಲಾರೆ. ಗದಗಿನ ಸುನಿಲ್ ಜೋಶಿ ಅಭ್ಯಾಸಕ್ಕೆಂದು ನಸುಕಿನ ರೈಲು ಹತ್ತಿ ಸುಮಾರು 60 ಕಿಲೋಮೀಟರ್ ದೂರದ ನಿಮ್ಮ ಹುಬ್ಬಳ್ಳಿಗೆ ಬರುತ್ತಿದ್ದರು. ಆ ಹುಡುಗ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಹತ್ತು ಓವರ್ ಹಾಕಿ, ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆದ. ಭಾರತ ತಂಡದ ಬ್ಯಾಟ್ಸ್‌ಮನ್ ಆಗಿದ್ದ ಜಿ.ಆರ್. ವಿಶ್ವನಾಥ್ ಭದ್ರಾವತಿಯವರು. ನಮ್ಮ ದಾವಣಗೆರೆಯ ವಿನಯ್ ಕುಮಾರ್ ಎರಡು ಸಲ ರಣಜಿ ಕಪ್ ಎತ್ತಿದ ನಾಯಕ. ಬೆಂಗಳೂರಿನ ತಂಡ ಅಂತ ನಾವು ಕರೆಯುವುದರ ಒಳಗೆ ನಮ್ಮ ಊರುಗಳ ಬೆವರು ಇದೆ.

ನಿಮ್ಮ ಹುಬ್ಬಳ್ಳಿಯ ರಾಜನಗರದ ಮೈದಾನದಲ್ಲಿ ರಣಜಿ ಪಂದ್ಯ ನಡೆದಾಗ ಒಮ್ಮೆ ಹೋಗಿ ಕೂತು ನೋಡಿ. ಬಾಲು ಬ್ಯಾಟಿಗೆ ಬಡಿದ ಸದ್ದು ಕೇಳುತ್ತದೆ, ಕೀಪರ್ ಏನಂದ ಅನ್ನುವುದೂ ಕೇಳುತ್ತದೆ. ಟಿವಿಯಲ್ಲಿ ಅದು ಯಾವತ್ತೂ ಸಿಗುವುದಿಲ್ಲ. ತಮ್ಮನನ್ನೋ ಮಗಳನ್ನೋ ಕರೆದುಕೊಂಡು ಹೋಗಿ.

ಪ್ರಶ್ನೆ: ನೀವು ಬರೀ ಕ್ರಿಕೆಟ್ ಬಗ್ಗೆ ಬರೆಯುತ್ತೀರಿ. ನಮ್ಮ ಒಕ್ಕದ (ಮನೆತನದ) ತಂಡ ಕೊಡವ ಕೌಟುಂಬಿಕ ಹಾಕಿಯಲ್ಲಿ ಮೊದಲ ಸುತ್ತಿನಲ್ಲೇ ಸೋತಿತು. ಅಜ್ಜ ಎರಡು ದಿನ ಮಾತಾಡಲಿಲ್ಲ. (ಕೊಡಗು)

ಉತ್ತರ: ಬರೆದಿದ್ದಕ್ಕೆ ಥ್ಯಾಂಕ್ಸ್. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಈ ಟೂರ್ನಿ ಶುರು ಮಾಡಿದಾಗ 60 ಕುಟುಂಬಗಳಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ಅದು 360 ಆಯಿತು. ಗಂಡು, ಹೆಣ್ಣು, ಹಿರಿಯರು, ಮಕ್ಕಳು ಒಂದೇ ತಂಡದಲ್ಲಿ ಆಡುವ ಇಂಥ ಟೂರ್ನಿಯನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ನಾವು ತಂಡವನ್ನು ಆರಿಸಿಕೊಳ್ಳುತ್ತೇವೆ. ನಿಮ್ಮಲ್ಲಿ ಮನೆತನದ ಹೆಸರೇ ತಂಡದ ಹೆಸರು. ಅಲ್ಲಿ ಸೋತರೆ ಸೋತವರು ಅಣ್ಣ, ಅತ್ತಿಗೆ, ಚಿಕ್ಕಪ್ಪನ ಮಗಳು. ಅಜ್ಜ ಎರಡು ದಿನ ಮಾತು ಬಿಟ್ಟದ್ದು ನನಗೆ ಅರ್ಥವಾಗುತ್ತದೆ. ಮೂರನೇ ದಿನ ಮೊದಲು ಏನು ಮಾತಾಡಿದರು ಅಂತ ಬರೆಯಲಿಲ್ಲ ನೀವು. ಮುಂದಿನ ವರ್ಷ ಗೋಲಿಗೆ ಯಾರನ್ನು ನಿಲ್ಲಿಸಬೇಕು ಅಂತಲೇ ಶುರು ಮಾಡಿರಬೇಕು ಅಂತ ನನ್ನ ಊಹೆ. ಸರಿಯಾ ಅಂತ ಬರೆದು ತಿಳಿಸಿ.